ಬಿಜಾಗರಿ ಅಂತ ಹುಡುಕಿದರೆ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಅಪ್ಪನ ಕಾಲದಿಂದ ಸ್ಟಾಕು ಬರೆಯುವುದು ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಬಿಲ್ಲು ಮಾತ್ರ ಕಂಪ್ಯೂಟರಿಗೆ ಹೋಯಿತು. ಈ ಯುಗಾದಿಗೆ ಸ್ಟಾಕನ್ನೂ ಹಾಕೋಣ ಅಂತ ಸಾಫ್ಟ್‌ವೇರ್ ಕೊಂಡೆ.

ಎರಡು ಭಾನುವಾರ ಬಾಗಿಲು ಹಾಕಿಕೊಂಡು ಎಣಿಸಿದೆವು. ಮೊಳೆ ಬರುವುದು ಮೂಟೆಯಲ್ಲಿ, ಹೋಗುವುದು ಕಾಲು ಕೆ.ಜಿ. ಲೆಕ್ಕದಲ್ಲಿ. ಪಿವಿಸಿ ಪೈಪು 20 ಅಡಿಯದು. 10 ಪೈಪು ಇದ್ದವು, ಒಬ್ಬರಿಗೆ 7 ಅಡಿ ಕತ್ತರಿಸಿ ಕೊಟ್ಟೆ. ಸಂಜೆ ನೋಡಿದರೆ ಉಳಿದದ್ದು 3 ಪೈಪು ಅಂತಿದೆ! ಒಂದೊಂದು ಅಡಿಯನ್ನೂ ಸಾಫ್ಟ್‌ವೇರ್ ಒಂದೊಂದು ಪೈಪು ಅಂತಲೇ ಎಣಿಸಿತ್ತು. ಕೊಳ್ಳುವ ಅಳತೆ, ಮಾರುವ ಅಳತೆ ಬೇರೆ ಬೇರೆ ತುಂಬಬೇಕಿತ್ತಂತೆ. ತಪ್ಪು ನನ್ನದೇ, ಆದರೆ ಮಾರುವಾಗ ಯಾರೂ ಹೇಳಲಿಲ್ಲ.

ಅದಕ್ಕಿಂತ ಜಾಸ್ತಿ ತಲೆನೋವು ಹೆಸರುಗಳದ್ದು. ನಮ್ಮ ಅಂಗಡಿಯ ಕೆಲಸದ ಹುಡುಗ ಬಿಜಾಗರಿ, ಚಿಲಕ, ಅಗುಳಿ ಅಂತಾನೆ. ಸಾಫ್ಟ್‌ವೇರಿನಲ್ಲಿರುವುದು ಬರೀ ಇಂಗ್ಲಿಷ್. ಹದಿನೈದು ವರ್ಷದಿಂದ ಯಾವ ಡಬ್ಬದಲ್ಲಿ ಏನಿದೆ ಅಂತ ಕಣ್ಣು ಮುಚ್ಚಿ ಹೇಳುವವನು ಈಗ ಕೀಬೋರ್ಡ್ ಮುಂದೆ ಸುಮ್ನೆ ನಿಲ್ಲುತ್ತಾನೆ.

ಸಾಫ್ಟ್‌ವೇರ್ ಮಾಡುವವರು ಸಾಮಾನಿನ ಹೆಸರನ್ನು ಕನ್ನಡದಲ್ಲಿ ಬರೆಯಲು, ಹುಡುಕಲು ಅವಕಾಶ ಕೊಡಲಿ. ಮಾರುವವರು ಒಂದು ದಿನ ಅಂಗಡಿಯಲ್ಲೇ ಕೂತು ಕಲಿಸಲಿ.

ಕೆಂಪು ಪುಸ್ತಕ ಇನ್ನೂ ಗಲ್ಲಾಪೆಟ್ಟಿಗೆಯ ಕೆಳಗೇ ಇದೆ. ಕರೆಂಟು ಹೋದಾಗ ಬೇಕಲ್ವಾ?

– ಹಾರ್ಡ್‌ವೇರ್ ವ್ಯಾಪಾರಿ, ತಿಪಟೂರು