ಮನಸ್ಸಿನೊಳಗೆ ಇಣುಕದ ಕಾದಂಬರಿಕಾರ: ಗೆಳೆಯನಿಗೊಂದು ಪತ್ರ

ಪ್ರಿಯ ರಘು,

ನಾನು ಕ್ಷೇಮ. ಕಳೆದ ಪತ್ರದಲ್ಲಿ ನೀನು ಬರೆದಿದ್ದ ಒಂದು ಮಾತು ಎರಡು ವಾರಗಳಿಂದ ತಲೆಯಲ್ಲೇ ಉಳಿದಿದೆ. ಪತ್ತೇದಾರಿ ಕಾದಂಬರಿಯನ್ನು ಎರಡನೆಯ ಸಲ ಓದುವುದೆಂದರೆ ಉತ್ತರ ಗೊತ್ತಿರುವ ಒಗಟನ್ನು ಮತ್ತೆ ಬಿಡಿಸಿದಂತೆ ಎಂದಿದ್ದೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದು, ಮರುದಿನವೇ ಹಿಂತಿರುಗಿಸಬೇಕೆಂಬ ಅವಸರದಲ್ಲಿ ನಾವಿಬ್ಬರೂ ಓದಿ ಬಿಸಾಡುತ್ತಿದ್ದ ಪುಸ್ತಕಗಳ ಮಟ್ಟಿಗೆ ಆ ಮಾತು ಸರಿ. ಆದರೆ ನಾನು ಈಗ ಮೂರನೆಯ ಸಲ ಓದಿ ಮುಗಿಸಿರುವ ಒಂದು ಕಾದಂಬರಿಯಲ್ಲಿ, ನಾಯಕ ಕಳೆದ ಒಂದು ವರ್ಷದಲ್ಲಿ ಕನಿಷ್ಠ ಇಬ್ಬರನ್ನು ಕೊಂದಿದ್ದಾನೆ ಎಂಬುದನ್ನು ಲೇಖಕ ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತಾನೆ. ಬಚ್ಚಿಡುವುದಕ್ಕೆ ಅವನ ಬಳಿ ಏನೂ ಇಲ್ಲ. ಹೀಗಿದ್ದೂ ಪುಸ್ತಕ ಕೆಳಗಿಡಲಾಗುವುದಿಲ್ಲ. ಅದು ಹೇಗೆ ಎಂಬುದನ್ನು ನಿನಗೆ ವಿವರಿಸಲೆಂದೇ ಈ ಪತ್ರ.

ಲೇಖಕನ ಹೆಸರು ಝಾನ್-ಪಾತ್ರಿಕ್ ಮಾಂಶೆತ್. 1942ರ ಡಿಸೆಂಬರಿನಲ್ಲಿ ಮಾರ್ಸೇಯ್ ನಗರದಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಅಂಟಿಕೊಂಡಿರುವ ಮಲಾಕಾಫ್‌ನಲ್ಲಿ ಬೆಳೆದವನು. ಅಲ್ಜೀರಿಯಾದ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಎಡಪಂಥೀಯ ಚಳವಳಿಯಲ್ಲಿದ್ದ. ಜಾಸ್ ಸಂಗೀತ ಮತ್ತು ಅಮೆರಿಕದ ಸಿನಿಮಾ ಎಂದರೆ ಪ್ರಾಣ. ಕಾದಂಬರಿಕಾರನಾಗುವ ಮೊದಲು ಹೊಟ್ಟೆಪಾಡಿಗಾಗಿ ಸಿನಿಮಾಗಳಿಗೆ ಚಿತ್ರಕಥೆ ಬರೆದ, ಹೆಂಡತಿ ಮೆಲಿಸಾಳ ಜೊತೆಗೂಡಿ ಇಂಗ್ಲಿಷಿನಿಂದ ಒಂದರ ಮೇಲೊಂದು ಅನುವಾದ ಮಾಡಿದ. ಬರವಣಿಗೆಯನ್ನು ಕೂಲಿಯಂತೆ ಮಾಡಿ ಕಲಿತವನು ಎಂಬುದು ಅವನ ವಾಕ್ಯಗಳಲ್ಲಿ ಕಾಣಿಸುತ್ತದೆ; ಅಲ್ಲಿ ಒಂದು ಪದವೂ ಬಿಟ್ಟಿ ಬಂದದ್ದಲ್ಲ.

ಫ್ರಾನ್ಸಿನಲ್ಲಿ 1945ರಲ್ಲಿ ಮಾರ್ಸೆಲ್ ದ್ಯುಆಮೆಲ್ ಎಂಬವರು ಗಾಲಿಮಾರ್ ಪ್ರಕಾಶನದಲ್ಲಿ 'ಸೆರಿ ನ್ವಾರ್' ಎಂಬ ಮಾಲಿಕೆಯನ್ನು ಆರಂಭಿಸಿದ್ದರು. ಕಪ್ಪು ಮಾಲಿಕೆ ಎಂದು ಅದರರ್ಥ. ಅಮೆರಿಕದ ಅಪರಾಧ ಕಾದಂಬರಿಗಳು ಫ್ರೆಂಚ್ ಓದುಗರ ಮನೆಮಾತಾದದ್ದು ಇದರ ಮೂಲಕ. 1971ರಲ್ಲಿ ಮಾಂಶೆತ್ ಇದೇ ಮಾಲಿಕೆಯಲ್ಲಿ ಕಾಣಿಸಿಕೊಂಡ. ಆಗ ಅವನ ಕಣ್ಣೆದುರಿಗಿದ್ದದ್ದು ಬೆನ್ ಬರ್ಕಾ ಪ್ರಕರಣ. ಮೊರಾಕೊದ ವಿರೋಧ ಪಕ್ಷದ ನಾಯಕ ಮೆಹ್ದಿ ಬೆನ್ ಬರ್ಕಾರನ್ನು 1965ರ ಅಕ್ಟೋಬರ್ 29ರಂದು ಪ್ಯಾರಿಸ್ಸಿನ ನಡುಬೀದಿಯಲ್ಲಿ, ಒಂದು ಹೆಸರಾಂತ ಹೋಟೆಲಿನ ಮುಂದೆ, ಹಗಲು ಹೊತ್ತಿನಲ್ಲೇ ಎತ್ತಿಕೊಂಡು ಹೋದರು. ಅದರಲ್ಲಿ ಫ್ರೆಂಚ್ ಪೊಲೀಸರೂ ಸೇರಿದ್ದರು. ಶವ ಇವತ್ತಿಗೂ ಸಿಕ್ಕಿಲ್ಲ. ಮಾಂಶೆತ್ ಇದರ ಮೇಲೆ ಬರೆದ ಕಾದಂಬರಿಯಲ್ಲಿ ಕಥೆ ಹೇಳುವವನು ಆ ಸಂಚಿನಲ್ಲಿ ಕೈಯಾಡಿಸಿದ್ದ ಒಬ್ಬ ಪುಂಡ. ಅವನು ತನ್ನ ತಪ್ಪೊಪ್ಪಿಗೆಯನ್ನು ಟೇಪಿನಲ್ಲಿ ಮುದ್ರಿಸಿಟ್ಟು ಗುಂಡಿಗೆ ಬಲಿಯಾಗಿದ್ದಾನೆ. ಈಗ ಆ ಟೇಪನ್ನು ಕೇಳುತ್ತ ಕುಳಿತಿರುವವರು ಅವನ ಸಾವನ್ನು ಬಯಸಿದವರೇ. ಸತ್ತವನು ಮಾತಾಡುತ್ತಾನೆ, ಅಧಿಕಾರದಲ್ಲಿರುವವರು ಆರಾಮಾಗಿ ಕೇಳಿಸಿಕೊಳ್ಳುತ್ತಾರೆ. ಪತ್ತೇದಾರ ಬಂದು ಸತ್ಯ ಬಯಲು ಮಾಡುವ ಕಥೆಗೆ ಇಲ್ಲಿ ಜಾಗವೆಲ್ಲಿದೆ, ಹೇಳು? ಸತ್ಯ ಗೊತ್ತಿರಬೇಕಾದವರಿಗೆಲ್ಲ ಗೊತ್ತೇ ಇದೆ.

ಇಲ್ಲಿಂದ ಅವನ ದಾರಿ ಸ್ಪಷ್ಟವಾಯಿತು. ಹಳೆಯ ಪತ್ತೇದಾರಿ ಕಾದಂಬರಿಯಲ್ಲಿ ಸಮಾಜ ಮೂಲತಃ ಸರಿಯಾಗಿಯೇ ಇರುತ್ತದೆ. ಯಾರೋ ಒಬ್ಬ ಕೆಡಿಸುತ್ತಾನೆ, ಅವನನ್ನು ಹಿಡಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಮಾಂಶೆತ್‌ನ ಲೋಕದಲ್ಲಿ 'ಮೊದಲಿನಂತೆ' ಎಂಬುದೇ ಅಪರಾಧದ ಬೇರು. ಅವನ ಏಕೈಕ ಖಾಸಗಿ ಪತ್ತೇದಾರನಾದ ತಾರ್ಪೋಂ ಮಾಜಿ ಪೊಲೀಸ್. ಮೆರವಣಿಗೆಯೊಂದನ್ನು ಚದುರಿಸುವಾಗ ಒಬ್ಬ ಪ್ರತಿಭಟನಕಾರ ಅವನ ಕೈಯಿಂದ ಸತ್ತಿದ್ದಾನೆ, ಅದಾದ ಮೇಲೆಯೇ ಕೆಲಸ ಬಿಟ್ಟದ್ದು. 1972ರ 'ನಾದಾ' ಕಾದಂಬರಿಯಲ್ಲಿ ಅರಾಜಕತಾವಾದಿಗಳ ಒಂದು ಸಣ್ಣ ಗುಂಪು ಅಮೆರಿಕದ ರಾಯಭಾರಿಯನ್ನು ಅಪಹರಿಸುತ್ತದೆ, ಪೊಲೀಸರು ಅವರನ್ನು ಹಳ್ಳಿಯ ಮನೆಯೊಂದರಲ್ಲಿ ಸುತ್ತುವರಿದು ಕೊಂದುಹಾಕುತ್ತಾರೆ. ಎಡಪಂಥೀಯರ ಭಯೋತ್ಪಾದನೆ ಮತ್ತು ಸರ್ಕಾರದ ಭಯೋತ್ಪಾದನೆ ಒಂದೇ ಬೋನಿನ ಎರಡು ದವಡೆಗಳು ಎಂಬ ಅರ್ಥದ ಮಾತು ಬರುವುದು ಇದರಲ್ಲೇ. ಕ್ಲೋಡ್ ಶಾಬ್ರೋಲ್ ಇದನ್ನು 1974ರಲ್ಲಿ ಸಿನಿಮಾ ಮಾಡಿದರು. ಆದರೂ ನನಗೆ ಇದು ಅವನ ಉತ್ತಮ ಕೃತಿ ಎನಿಸುವುದಿಲ್ಲ. ಆ ಗುಂಪನ್ನು ಜನರ ಚಳವಳಿಯಿಂದ ಬೇರ್ಪಡಿಸಿ ಚಿತ್ರಿಸಿದ್ದು ತನ್ನ ತಪ್ಪೆಂದು ಮುಂದೆ ಅವನೇ ಬರೆದ. ತನ್ನ ಪುಸ್ತಕವನ್ನು ತಾನೇ ಹೀಗೆ ತೂಗಿ ನೋಡುವ ಪ್ರಾಮಾಣಿಕತೆಯಿಂದಾಗಿ ಅವನ ಮೇಲಿನ ನನ್ನ ಗೌರವ ಹೆಚ್ಚಿದೆ.

ನಾನು ಮೂರು ಸಲ ಓದಿದೆನೆಂದದ್ದು 1976ರ 'ಲ ಪೆತಿ ಬ್ಲೂ ದ ಲಾ ಕೋತ್ ವೆಸ್ತ್' ಎಂಬುದನ್ನು. ಪಶ್ಚಿಮ ಕರಾವಳಿಯ ಪುಟ್ಟ ಬ್ಲೂಸ್ ಹಾಡು ಎಂದು ಅದರರ್ಥ. ಜಾರ್ಜ್ ಜೆರ್ಫೋ ಎಂಬವನು ದೊಡ್ಡ ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಬೂದು ಬಣ್ಣದ ಮರ್ಸಿಡಿಸ್ ಕಾರು. ಮೊದಲ ಅಧ್ಯಾಯದಲ್ಲಿ, ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ, ಅವನು ಬೂರ್ಬನ್ ವಿಸ್ಕಿ ಕುಡಿದು, ನಿದ್ರೆಮಾತ್ರೆ ನುಂಗಿ, ಪ್ಯಾರಿಸ್ಸಿನ ವರ್ತುಲ ರಸ್ತೆಯಲ್ಲಿ ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದ್ದಾನೆ. ಕಾರಿನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಾಸ್. ಸುಮಾರು 35 ಕಿಲೋಮೀಟರ್ ಉದ್ದದ ಆ ರಸ್ತೆ ಪೂರ್ತಿಯಾದದ್ದು 1973ರಲ್ಲಿ. ಕಾದಂಬರಿ ಬಂದಾಗ ಅದಿನ್ನೂ ಹೊಸದು. ಅವನು ಹೀಗೇಕೆ ಸುತ್ತುತ್ತಿದ್ದಾನೆಂಬ ಕಾರಣವನ್ನು ಉತ್ಪಾದನಾ ಸಂಬಂಧಗಳಲ್ಲಿ, ಅಂದರೆ ಯಾರು ಒಡೆಯರು, ಯಾರು ದುಡಿಯುವವರು ಎಂಬ ಮಾರ್ಕ್ಸ್‌ವಾದಿ ಲೆಕ್ಕದಲ್ಲಿ, ಅವನಿಗಿರುವ ಸ್ಥಾನದಲ್ಲಿ ಹುಡುಕಬೇಕು ಎನ್ನುತ್ತಾನೆ ಮಾಂಶೆತ್. ಮೊದಲ ಸಲ ಓದಿದಾಗ ಈ ಮಾತು ನನಗೆ ಘೋಷಣೆಯಂತೆ ಕೇಳಿಸಿತ್ತು. ಪುಸ್ತಕ ಮುಗಿಸಿ ಮತ್ತೆ ಓದಿದಾಗ, ಒಬ್ಬ ಮನುಷ್ಯನ ಸಂಕಟವನ್ನು ಇಷ್ಟು ನೇರವಾಗಿ ಯಾರೂ ಹೇಳಿಲ್ಲವೆನಿಸಿತು.

ಒಂದು ಪ್ರಸಂಗವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಸ್ತೆಯಲ್ಲಿ ಗಾಯಗೊಂಡಿದ್ದ ಅಪರಿಚಿತನೊಬ್ಬನನ್ನು ಜೆರ್ಫೋ ಆಸ್ಪತ್ರೆಗೆ ಸೇರಿಸಿ ಬಂದಿರುತ್ತಾನೆ. ಅದನ್ನು ಮರೆತು, ಸಂಸಾರ ಸಮೇತ ಅಟ್ಲಾಂಟಿಕ್ ಕರಾವಳಿಗೆ ರಜೆಗೆ ಹೋಗುತ್ತಾನೆ. ಬೇಸಿಗೆಯ ಜನಜಂಗುಳಿ, ಈಜುವವರ ಗದ್ದಲ. ನೀರಿಗಿಳಿದ ಅವನ ಬಳಿಗೆ ಈಜುಚಡ್ಡಿ ತೊಟ್ಟ ಇಬ್ಬರು ಬರುತ್ತಾರೆ. ಹೊಡೆಯುತ್ತಾರೆ, ನೀರಿನಲ್ಲಿ ಮುಳುಗಿಸಿ ಕೊಲ್ಲಲು ನೋಡುತ್ತಾರೆ. ಸುತ್ತ ಅಷ್ಟು ಜನರಿದ್ದಾರೆ. ಯಾರಿಗೂ ಅದು ಕೊಲೆಯಾಗಿ ಕಾಣುವುದಿಲ್ಲ. ಇಡೀ ಪ್ರಸಂಗದಲ್ಲಿ ಜೆರ್ಫೋನ ಭಯವನ್ನು ವರ್ಣಿಸಲು ಲೇಖಕ ನಿಲ್ಲುವುದೇ ಇಲ್ಲ. ಕೈ, ಕಾಲು, ಕುತ್ತಿಗೆ, ನೀರು, ಅಷ್ಟೇ. ತಪ್ಪಿಸಿಕೊಂಡ ಜೆರ್ಫೋ ಪೊಲೀಸರ ಬಳಿಗೆ ಹೋಗುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ, ಸುಮ್ಮನೆ ಹೊರಟುಹೋಗುತ್ತಾನೆ. ಯಾಕೆ ಹೋದ? ಮಾಂಶೆತ್ ವಿವರಿಸುವುದಿಲ್ಲ. ಬಹುಶಃ ಅವನು ಹೊರಡಲು ಮೊದಲಿನಿಂದಲೂ ಕಾಯುತ್ತಿದ್ದ ಎಂದು ನನಗೆ ತೋರುತ್ತದೆ. ಕೊಲೆಗಾರರು ಒಂದು ನೆಪ ಒದಗಿಸಿದರು.

ಪಾತ್ರಗಳ ಮನಸ್ಸಿನೊಳಗೆ ಇಣುಕದೆ, ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ದಾಖಲಿಸುವ ಈ ರೀತಿಯನ್ನು ಅವನು ಕಲಿತದ್ದು ಅಮೆರಿಕದ ಅಪರಾಧ ಕಾದಂಬರಿಕಾರ ಡ್ಯಾಶಿಯಲ್ ಹ್ಯಾಮೆಟ್‌ನಿಂದ. ಕಾರಿನ ಮಾದರಿ, ಬಂದೂಕಿನ ತಯಾರಿ, ಮದ್ಯದ ಹೆಸರು, ರೆಕಾರ್ಡಿನಲ್ಲಿ ನುಡಿಸುತ್ತಿರುವವನ ಹೆಸರು, ಎಲ್ಲವೂ ನಿಖರ. ಇದನ್ನು ತಣ್ಣನೆಯ ಬರವಣಿಗೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಕೊಂಡುಕೊಂಡ ವಸ್ತುಗಳ ಮೂಲಕವಲ್ಲದೆ ಬೇರೆ ರೀತಿಯಲ್ಲಿ ತನ್ನನ್ನು ತೋರಿಸಿಕೊಳ್ಳಲಾಗದ ಸ್ಥಿತಿಗೆ ಬಂದಿರುವ ಮನುಷ್ಯನ ಒಳಗನ್ನು ಬಲ್ಲೆನೆಂದು ಹೇಳಿಕೊಳ್ಳಲು ಒಬ್ಬ ಲೇಖಕ ಹಿಂಜರಿದರೆ, ಆ ಹಿಂಜರಿಕೆಯಲ್ಲಿ ದೊಡ್ಡ ಕರುಣೆಯಿದೆ.

1977ರ 'ಫತಾಲ್' ಗಾಲಿಮಾರ್‌ನಲ್ಲೇ ಬಂದರೂ ಕಪ್ಪು ಮಾಲಿಕೆಯ ಹೊರಗೆ ಪ್ರಕಟವಾಯಿತು. ಎಮೆ ಎಂಬ ಕೊಲೆಗಾತಿ ಬ್ಲೆವಿಲ್ ಎಂಬ ಬಂದರು ಪಟ್ಟಣಕ್ಕೆ ಬಂದು ಅಲ್ಲಿನ ಶ್ರೀಮಂತರ ಕಾಲಡಿಯ ನೆಲವನ್ನೇ ಸಡಿಲಿಸುತ್ತಾಳೆ. ಫ್ರೆಂಚಿನಲ್ಲಿ 'ಬ್ಲೆ' ಎಂದರೆ ಗೋಧಿ. ಬೀದಿಯ ಮಾತಿನಲ್ಲಿ ದುಡ್ಡು. ಊರಿನ ಹೆಸರೇ ದುಡ್ಡೂರು!

ಮುಂದಿನದು 1981ರದ್ದು. ಅದರಲ್ಲಿ ಮಾರ್ತಾಂ ತೆರಿಯೇ ಎಂಬ ಬಾಡಿಗೆ ಹಂತಕ ವೃತ್ತಿ ಬಿಟ್ಟು, ಹತ್ತು ವರ್ಷಗಳ ಹಿಂದೆ ಮಾತು ಕೊಟ್ಟಿದ್ದ ಹುಡುಗಿಯ ಬಳಿಗೆ ಮರಳಲು ಬಯಸುತ್ತಾನೆ. ಯಾರೂ ಅವನನ್ನು ಬಿಡುವುದಿಲ್ಲ. ಕೊನೆಗೆ ತಲೆಗೆ ಗುಂಡೇಟು ಬಿದ್ದು ಬುದ್ಧಿ ಮಂಕಾದ ಅವನು ಹುಟ್ಟೂರಿನ ಹೋಟೆಲಿನಲ್ಲಿ ಮಾಣಿಯಾಗಿ ಉಳಿಯುತ್ತಾನೆ. ದೇಹ ಮಾತ್ರ ಹಳೆಯ ಕಸುಬನ್ನು ಮರೆತಿಲ್ಲ. ಒಮ್ಮೊಮ್ಮೆ ಅದು ತಾನಾಗಿಯೇ, ನೆಲಕ್ಕೊರಗಿ ಗುರಿಯಿಡುವವನ ಭಂಗಿಗೆ ಬಂದುಬಿಡುತ್ತದೆ. ಆ ಕೊನೆಯ ಪುಟವನ್ನು ಓದಿದ ದಿನ ನಾನು ಬೇರೇನನ್ನೂ ಓದಲಿಲ್ಲ.

ಆಮೇಲೆ ಅವನ ಜೀವಿತಕಾಲದಲ್ಲಿ ಮತ್ತೊಂದು ಕಾದಂಬರಿ ಹೊರಬರಲಿಲ್ಲ. ಮನೆಯಿಂದ ಹೊರಗೆ ಕಾಲಿಡಲು ಹೆದರುವ ಕಾಯಿಲೆ ಹಿಡಿದಿತ್ತು. ಅನುವಾದ, ಚಿತ್ರಕಥೆ, ಅಂಕಣ ಎಂದು ಬದುಕು ಸಾಗಿಸಿದ. ಹೊಸದೊಂದು ದೊಡ್ಡ ಕಾದಂಬರಿಯನ್ನು ಬರೆಯುತ್ತಿದ್ದಾಗ, 1995ರ ಜೂನಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 52. ಅಪೂರ್ಣ ಕೃತಿ ಮರುವರ್ಷ ಅಚ್ಚಾಯಿತು. ಅವನನ್ನು ಅನುಸರಿಸಿ ಬಂದ ಪೀಳಿಗೆಯ ಬರವಣಿಗೆಗೆ 'ನೆಯೊ-ಪೋಲಾರ್', ಅಂದರೆ ಹೊಸ ಅಪರಾಧ ಕಾದಂಬರಿ, ಎಂದು ಹೆಸರಿಟ್ಟವನೂ ಅವನೇ. ಫ್ರೆಂಚ್ ಚಿತ್ರಕಾರ ಜಾಕ್ ತಾರ್ದಿ ಅವನ ಮೂರು ಕಾದಂಬರಿಗಳನ್ನು ಕಪ್ಪುಬಿಳುಪಿನ ಕಾಮಿಕ್ಸ್ ಪುಸ್ತಕಗಳಾಗಿ ಬಿಡಿಸಿದ್ದಾರೆ. ಅವನ್ನೂ ನೀನು ನೋಡಬೇಕು.

ಜೆರ್ಫೋನ ಕಥೆಯ ಇಂಗ್ಲಿಷ್ ಅನುವಾದವನ್ನು ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ತೆಳ್ಳನೆಯ ಪುಸ್ತಕ, ಒಂದು ಭಾನುವಾರ ಸಾಕು. ಕೊನೆಯ ಅಧ್ಯಾಯದಲ್ಲಿ ಅವನು ಮತ್ತೆ ಅದೇ ವರ್ತುಲ ರಸ್ತೆಯಲ್ಲಿರುತ್ತಾನೆ. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಬೇಡ. ಹಾಗೆಯೇ ಮೊದಲ ಅಧ್ಯಾಯಕ್ಕೆ ಮರಳಿ ಅದನ್ನೊಮ್ಮೆ ಓದು. ಎರಡನೆಯ ಸಲ ಆ ಕಾರಿನಲ್ಲಿ ನಿನಗೆ ಕಾಣಿಸಿದವನು ಯಾರೆಂದು ನನಗೆ ಬರೆ.

ನಿನ್ನ,
ಶ್ರೀಧರ