ಮಗಳಿಗೊಂದು ಪತ್ರ: ವೇಗದ ನೋಟಿಸಿಗೆ ಏನೆಂದು ಉತ್ತರಿಸುವುದು?

ಶಿವಮೊಗ್ಗ

ಚಿ. ಸೌ. ಮಗಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ಕಾರು ವೇಗದ ಮಿತಿ ಮೀರಿತೆಂದು ಅಲ್ಲಿ ಇಂಗ್ಲೆಂಡಿನ ಪೊಲೀಸರಿಂದ ನಿನಗೆ ಬಂದ ಪತ್ರದ ಫೋಟೊವನ್ನೂ ಅದಕ್ಕೆ ನೀನು ಬರೆದಿಟ್ಟಿರುವ ಉತ್ತರದ ಕರಡನ್ನೂ ನಿಧಾನವಾಗಿ ಓದಿದೆ. ಇಂಗ್ಲಿಷ್ ತಿದ್ದಿಕೊಡು ಎಂದು ಕೇಳಿದ್ದೀಯೆ. ಭಾಷೆಯಲ್ಲಿ ತಿದ್ದುವಂಥದ್ದೇನೂ ಇಲ್ಲ, ಆದರೆ ಈ ಉತ್ತರವನ್ನು ನೀನು ಕಳುಹಿಸಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಫೋನಿನಲ್ಲಿ ಹೇಳಿದರೆ ನಡುವೆ ಮಗು ಅಳುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ; ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ನಿನ್ನ ಕೈಗೆ ಬಂದಿರುವುದು ಎಂಥ ಪತ್ರ ಎಂಬುದನ್ನು ನೋಡು. ನಿಮ್ಮ ಹಳ್ಳಿಯ 30 ಮೈಲಿ ಮಿತಿಯ ರಸ್ತೆಯಲ್ಲಿ ನಿನ್ನ ಕಾರು ಗಂಟೆಗೆ 38 ಮೈಲಿ ವೇಗದಲ್ಲಿ ಹೋದದ್ದನ್ನು ಕಮ್ಯುನಿಟಿ ಸ್ಪೀಡ್‌ವಾಚ್ ಎಂಬ, ರಸ್ತೆಬದಿಯಲ್ಲಿ ನಿಂತು ವಾಹನಗಳ ವೇಗ ಅಳೆಯುವ ಊರಿನವರ ತಂಡದ ಸ್ವಯಂಸೇವಕರು ಬರೆದುಕೊಂಡಿದ್ದಾರೆ. ಆ ನಂಬರನ್ನು ಪೊಲೀಸರು ಡಿವಿಎಲ್‌ಎ ಎಂಬ ವಾಹನ ಮತ್ತು ಲೈಸೆನ್ಸ್ ನೋಂದಣಿ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡಿ, ರಿಜಿಸ್ಟರ್ಡ್ ಕೀಪರ್, ಅಂದರೆ ಕಾರಿನ ಹೊಣೆ ಹೊತ್ತವಳೆಂದು ದಾಖಲಾಗಿರುವ ನಿನ್ನ ಹೆಸರಿಗೆ ಒಂದು ತಿಳಿವಳಿಕೆಯ ಪತ್ರ ಕಳುಹಿಸಿದ್ದಾರೆ. ಅದರಲ್ಲಿ ದಂಡವಿಲ್ಲ, ತಪ್ಪಿಗಾಗಿ ಲೈಸೆನ್ಸಿನ ಮೇಲೆ ಬೀಳುವ ಪಾಯಿಂಟ್ ಇಲ್ಲ, ಕಾರು ಓಡಿಸುತ್ತಿದ್ದವರು ಯಾರು ಎಂಬ ಪ್ರಶ್ನೆಯೂ ಇಲ್ಲ. ವಿಮೆಯವರಿಗೆ ಹೇಳಬೇಕಾದ ಶಿಕ್ಷೆಯೂ ಅದಲ್ಲ. ಉತ್ತರ ಬರೆಯಲೇಬೇಕೆಂಬ ಕಟ್ಟಳೆ ಸಹ ಇಲ್ಲ. ಅದೇ ನಂಬರು ಮತ್ತೆ ಮತ್ತೆ ಸಿಕ್ಕಿದರೆ ಮಾತ್ರ ಮುಂದಿನ ಪತ್ರ ಗಡುಸಾಗಿರುತ್ತದೆ, ಆಮೇಲೆ ಪೊಲೀಸರೇ ಮನೆ ಬಾಗಿಲಿಗೆ ಬಂದು ಮಾತಾಡುವುದೋ, ತಾವೇ ಆ ರಸ್ತೆಯಲ್ಲಿ ನಿಂತು ಕೇಸು ಹಾಕುವುದೋ ಆಗಬಹುದು. ಒಂದೊಂದು ಪ್ರದೇಶದ ಪೊಲೀಸರ ಕ್ರಮ ಒಂದೊಂದು ರೀತಿ ಇರುತ್ತದೆ.

ನಿನ್ನ ಕರಡಿನ ಮೊದಲ ಪ್ಯಾರಾ ಪೂರ್ತಿ, ಈ ನಿವೃತ್ತ ಜನರಿಗೆ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆಯಲ್ಲೇ ಮುಗಿದಿದೆ. ಅವರಿಗೆ ಅಧಿಕಾರವಿಲ್ಲ, ಇದೆಯೆಂದು ಅವರೂ ಹೇಳಿಕೊಂಡಿಲ್ಲ. ಅವರು ಕಾರು ನಿಲ್ಲಿಸುವಂತಿಲ್ಲ, ದಂಡ ಹಾಕುವಂತಿಲ್ಲ. ಪೊಲೀಸರಿಂದ ತರಬೇತಿ ಪಡೆದು, ಪೊಲೀಸರು ಒಪ್ಪಿದ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಹೊಳೆಯುವ ಜಾಕೆಟ್ ತೊಟ್ಟು ನಿಲ್ಲುತ್ತಾರೆ. ಬಾಣಂತನಕ್ಕೆ ಬಂದಿದ್ದಾಗ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅದೇ ರಸ್ತೆಯಲ್ಲಿ ನಡೆಯುತ್ತಿದ್ದೆನಲ್ಲ, ಆಗ ಅವರನ್ನು ಹತ್ತಿರದಿಂದ ನೋಡಿದ್ದೇನೆ. ಮೂವರಿದ್ದರು. ವೇಗ ಅಳೆಯುವ ಸಾಧನ ಹಿಡಿದವರು ಅದನ್ನು ಜೋರಾಗಿ ಹೇಳುತ್ತಿದ್ದರು, ಪಕ್ಕದ ಹೆಂಗಸು ನಂಬರ್ ಪ್ಲೇಟನ್ನೂ ಕಾರಿನ ಬಣ್ಣವನ್ನೂ ಓದಿ ಹೇಳುತ್ತಿದ್ದರು, ಮೂರನೆಯವರು ಹನಿಮಳೆಗೆ ಹಾಳೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿದ ಕ್ಲಿಪ್‌ಬೋರ್ಡಿನ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು. ಕಿಟಕಿ ಇಳಿಸಿ ಏನೋ ಬೈದುಕೊಂಡು ಹೋದ ಒಬ್ಬನತ್ತ ಅವರು ತಲೆಯೆತ್ತಿಯೂ ನೋಡಲಿಲ್ಲ. ಅವನು ಮಿತಿಯೊಳಗೇ ಇದ್ದನೆಂದು ತೋರುತ್ತದೆ, ಅವನ ನಂಬರನ್ನು ಬರೆದುಕೊಳ್ಳಲೂ ಇಲ್ಲ. ನನ್ನ ಕೈಯಲ್ಲಿದ್ದ ಗಾಡಿಯನ್ನು ಕಂಡು ದಾರಿ ಬಿಟ್ಟು, ಮುಂದೆ ಕಾಲುದಾರಿ ಮುಗಿಯುತ್ತದೆ, ಇಲ್ಲೇ ದಾಟಿ ಎಂದರು. ಹಗೆ ಸಾಧಿಸಲು ನಿಂತವರ ನಡೆ ಇದಲ್ಲ.

ನಮ್ಮ ಕಡೆ ಹೇಗೆಂಬುದು ನಿನಗೆ ಗೊತ್ತು. ಹೆದ್ದಾರಿಯ ಪಕ್ಕದ ಊರಿನಲ್ಲಿ ಶಾಲೆಗೆ ಹೊರಟ ಮಗುವಿಗೆ ಲಾರಿ ಬಡಿದರೆ ಊರಿನವರು ರಸ್ತೆ ತಡೆದು ಕೂರುತ್ತಾರೆ, ಅಧಿಕಾರಿಗಳು ಬಂದು ಭರವಸೆ ಕೊಡುತ್ತಾರೆ, ಬಣ್ಣವೂ ಇಲ್ಲದ ಫಲಕವೂ ಇಲ್ಲದ ಒಂದು ಹಂಪ್ ಬೀಳುತ್ತದೆ, ರಾತ್ರಿ ಅದು ಕಾಣದೆ ಬೈಕಿನವನೊಬ್ಬ ಬೀಳುತ್ತಾನೆ. ಇದೆಲ್ಲ ಅಪಘಾತ ಆದ ಮೇಲಿನ ಮಾತು. ನಿಮ್ಮ ಹಳ್ಳಿಯ ಆ ಮೂವರು ಅಪಘಾತಕ್ಕೆ ಮುಂಚೆಯೇ ರಸ್ತೆಗೆ ಬಂದು ನಿಂತಿದ್ದಾರೆ. ನನಗೆ ಅವರ ಮೇಲೆ ಗೌರವವಿದೆ, ನಿನಗೂ ಇರಬೇಕೆಂದು ಬಯಸುತ್ತೇನೆ.

ಎಂಟು ಮೈಲಿ ಹೆಚ್ಚಾದರೆ ಏನು ಮುಳುಗಿಹೋಗುತ್ತದೆ ಎಂಬರ್ಥದ ಒಂದು ವಾಕ್ಯ ನಿನ್ನ ಕರಡಿನಲ್ಲಿದೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದವಳ ಮಗಳು ಇದನ್ನು ಬರೆಯಬಾರದಿತ್ತು. ಚಲನಶಕ್ತಿ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ; 30ರಿಂದ 38ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲುಭಾಗದಷ್ಟು, ಶಕ್ತಿ ಹೆಚ್ಚುವುದು ಶೇಕಡಾ 60ರಷ್ಟು. ನೀನು ಲೈಸೆನ್ಸ್ ಪರೀಕ್ಷೆಗೆ ಓದಿದ, ಅಲ್ಲಿನ ರಸ್ತೆ ನಿಯಮಗಳ ಹೈವೇ ಕೋಡ್ ಪುಸ್ತಕದಲ್ಲಿಯೇ 30 ಮೈಲಿ ವೇಗದ ಕಾರು ನಿಲ್ಲಲು 23 ಮೀಟರ್ ಬೇಕೆಂದಿದೆ: ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 9 ಮೀಟರ್, ಬ್ರೇಕ್ ಹಿಡಿದ ಮೇಲೆ 14 ಮೀಟರ್. ಅದೇ ಲೆಕ್ಕವನ್ನು 38ಕ್ಕೆ ಹಾಕಿದರೆ ಸುಮಾರು 34 ಮೀಟರ್ ಆಗುತ್ತದೆ. ಹನ್ನೊಂದು ಮೀಟರ್ ಹೆಚ್ಚು, ಅಷ್ಟೇ ತಾನೇ ಎಂದು ಬಿಡಬೇಡ, ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿ. 30ರಲ್ಲಿ ಬಂದ ಕಾರು ಪೂರ್ತಿ ನಿಂತಿರುವ ಜಾಗಕ್ಕೆ 38ರಲ್ಲಿ ಬಂದ ಕಾರು ತಲುಪಿದಾಗ, ಬ್ರೇಕ್ ಒತ್ತಿಯೇ ಇದ್ದರೂ ಅದರ ವೇಗ ಇನ್ನೂ ಸುಮಾರು 26 ಮೈಲಿ ಇರುತ್ತದೆ. ನಮ್ಮ ಲೆಕ್ಕದಲ್ಲಿ ಗಂಟೆಗೆ 42 ಕಿಲೋಮೀಟರ್. ಕಾಲುದಾರಿ ಮುಗಿಯುವಲ್ಲಿ ತಳ್ಳುಗಾಡಿ ಹಿಡಿದು ರಸ್ತೆ ದಾಟುವವಳಿಗೆ ಒಂದು ಕಾರು ಮುಟ್ಟುವುದೇ ಇಲ್ಲ, ಇನ್ನೊಂದು 42ರ ವೇಗದಲ್ಲಿ ಬಂದು ಬಡಿಯುತ್ತದೆ. ಎಂಟು ಮೈಲಿಯ ಅರ್ಥ ಇದು. ತೊಯ್ದ ರಸ್ತೆಯಾದರೆ ಇನ್ನೂ ಕೆಟ್ಟದ್ದು.

ಸ್ಪೀಡೋಮೀಟರ್ 33 ಮಾತ್ರ ತೋರಿಸುತ್ತಿತ್ತು ಎಂದೂ ಬರೆದಿದ್ದೀಯೆ. ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ ಎಂಬುದು ಅಲ್ಲಿನ ತಯಾರಿಕಾ ನಿಯಮ. ಅದು ತಪ್ಪಿದರೂ ಹೆಚ್ಚಿನ ಕಡೆಗೇ ತಪ್ಪಬೇಕು. ಹಾಗಾಗಿ ಅವರ ಸಾಧನ 38 ಎಂದಿದ್ದರೆ ನಿನ್ನ ಮುಂದಿನ ಮುಳ್ಳು 38ರ ಮೇಲೇ ಇದ್ದಿರಬೇಕು, ನೀನು ಅದನ್ನು ನೋಡಿದ ಕ್ಷಣ ಬೇರೆಯದಿರಬಹುದು. ಅಲ್ಲಿ 30ರ ಫಲಕವೇ ಇರಲಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ 200 ಗಜ, ಅಂದರೆ ಸುಮಾರು 183 ಮೀಟರಿಗೆ ಮೀರದ ಅಂತರದಲ್ಲಿ ಬೀದಿದೀಪಗಳಿರುವ ರಸ್ತೆಗೆ, ಬೇರೆ ಫಲಕವಿಲ್ಲದಿದ್ದರೆ, 30 ಮೈಲಿಯೇ ಮಿತಿ. ದೀಪದ ಕಂಬವೇ ಅಲ್ಲಿ ಫಲಕ. ಮುಂದಿನ ರಜೆಗೆ ವೇಲ್ಸ್‌ಗೆ ಹೋಗುವ ಯೋಚನೆ ಇದೆ ಎಂದಿದ್ದೆಯಲ್ಲ, 2023ರ ಸೆಪ್ಟೆಂಬರಿನಿಂದ ಅಲ್ಲಿ ಇಂಥ ರಸ್ತೆಗಳ ಮಿತಿ 20ಕ್ಕೆ ಇಳಿದಿದೆ, ನೆನಪಿರಲಿ.

ಹಾಗೆಂದು ಯಾವ ಸಂದರ್ಭದಲ್ಲೂ ಬರೆಯಬಾರದು ಎಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಬರೆದುಕೊಳ್ಳುವ ಕೆಲಸದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆಗುವುದು ಸಹಜ, ಅದಕ್ಕಾಗಿಯೇ ಕಾರಿನ ಮಾದರಿಯನ್ನೂ ಬಣ್ಣವನ್ನೂ ಪೊಲೀಸರು ತಾಳೆ ನೋಡುತ್ತಾರೆ. ಪತ್ರದಲ್ಲಿರುವ ದಿನ ನೀವು ಆ ಊರಿನಲ್ಲೇ ಇರದಿದ್ದರೆ, ಕಾರನ್ನು ಮಾರಿಬಿಟ್ಟಿದ್ದರೆ, ಬೇರೊಬ್ಬರು ನಿನ್ನ ನಂಬರನ್ನೇ ನಕಲು ಮಾಡಿ ತಗಲಿಸಿಕೊಂಡಿರುವ ಅನುಮಾನವಿದ್ದರೆ, ಪತ್ರದ ಮೇಲಿನ ಉಲ್ಲೇಖ ಸಂಖ್ಯೆ ಹಾಕಿ ತಕ್ಷಣ ತಿಳಿಸಬೇಕು. ನಿನ್ನ ವಿಷಯದಲ್ಲಿ ಇದ್ಯಾವುದೂ ಅಲ್ಲ. ದಿನ ಸರಿ, ಕಾರು ಸರಿ, ಡೇಕೇರಿಗೆ ತಡವಾಗಿತ್ತು ಎಂದು ನೀನೇ ಹೇಳಿದ್ದೀಯೆ.

ಇನ್ನು ನಾನು ನಿಜವಾಗಿ ಆತಂಕಪಟ್ಟಿರುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಟ್ರಾಫಿಕ್ ದಂಡದ ನೋಟಿಸು ಬಂದರೆ ಮೊಬೈಲಿನಲ್ಲಿ ಕೊಳೆಯಲು ಬಿಡುವುದೇ ರೂಢಿ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡದ ಮೇಲೆ ಶೇಕಡಾ 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ಕಟ್ಟಿದರು, 2025ರಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ಕಾದವನಿಗೆ ಲಾಭ ಎಂಬ ಪಾಠ ಎಲ್ಲರ ಮನಸ್ಸಿನಲ್ಲೂ ಕೂತಿದೆ. ಇಂಗ್ಲೆಂಡಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಪೊಲೀಸರ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರೆ ಬರುವುದು ನೋಟಿಸ್ ಆಫ್ ಇಂಟೆಂಡೆಡ್ ಪ್ರಾಸಿಕ್ಯೂಷನ್, ಅಂದರೆ ಕೇಸು ಹಾಕಲಿದ್ದೇವೆಂಬ ಮುನ್ಸೂಚನೆ, ಹೆಚ್ಚಾಗಿ 14 ದಿನಗಳೊಳಗೆ. ಅದರ ಜೊತೆಗೆ, ಓಡಿಸಿದವರು ಯಾರು ಎಂದು 28 ದಿನಗಳಲ್ಲಿ ಬರೆದು ಕೊಡಬೇಕೆಂಬ 1988ರ ರಸ್ತೆ ಸಂಚಾರ ಕಾಯ್ದೆಯ 172ನೇ ಸೆಕ್ಷನ್ನಿನ ಕಾಗದವಿರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ 38 ಮೈಲಿಯಂಥ ವೇಗಕ್ಕೆ, ಕಳೆದ ಮೂರು ವರ್ಷಗಳಲ್ಲಿ ಹೋಗಿರದಿದ್ದರೆ, ವೇಗದ ಅರಿವು ಮೂಡಿಸುವ ತರಗತಿಗೆ ಹೋಗುವ ಅವಕಾಶ ಸಿಗುವುದು ಸಾಮಾನ್ಯ. ಇಲ್ಲವಾದರೆ 100 ಪೌಂಡ್ ದಂಡ, 3 ಪಾಯಿಂಟ್. ಉತ್ತರವನ್ನೇ ಕೊಡದಿದ್ದರೆ ವೇಗದ ತಪ್ಪಿಗಿಂತ ದೊಡ್ಡ ತಪ್ಪು: 6 ಪಾಯಿಂಟ್, ಸಾವಿರ ಪೌಂಡಿನವರೆಗೆ ದಂಡ.

ನೀನು ಅಲ್ಲಿನ ಪರೀಕ್ಷೆ ಪಾಸಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಆ ಎರಡು ವರ್ಷಗಳೊಳಗೆ 6 ಪಾಯಿಂಟ್ ಬಂದರೆ ಲೈಸೆನ್ಸೇ ರದ್ದು. ಮತ್ತೆ ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ತೆಗೆದುಕೊಂಡು, ಥಿಯರಿಯಿಂದ ಹಿಡಿದು ರಸ್ತೆ ಪರೀಕ್ಷೆಯವರೆಗೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಓಡಿಸಿ ತೋರಿಸಬೇಕು. ನಮ್ಮ ದೇಶದ ಲೈಸೆನ್ಸಿನಲ್ಲಿ ಓಡಿಸಬಹುದಾಗಿದ್ದ ಹನ್ನೆರಡು ತಿಂಗಳ ಗಡುವು ಎಂದೋ ಮುಗಿದಿದೆ. ಬಸ್ಸು ಸರಿಯಾಗಿ ಬಾರದ ಆ ಹಳ್ಳಿಯಲ್ಲಿ ಮಗುವನ್ನೂ ಕೆಲಸವನ್ನೂ ಹೇಗೆ ನಿಭಾಯಿಸುತ್ತೀಯೆ, ಯೋಚಿಸು. ಬೇಕಾದರೆ ಅಳಿಯಂದಿರ ಹೆಸರು ಹೇಳಿದರಾಯಿತು ಎಂದು ಯಾರಾದರೂ ಸಲಹೆ ಕೊಟ್ಟಾರು. ಮುಂದೆ ಅಲ್ಲಿನ ಸರ್ಕಾರದಲ್ಲಿ ಸಚಿವರಾದ ಕ್ರಿಸ್ ಹ್ಯೂನ್ ಅವರು 2003ರಲ್ಲಿ ವೇಗವಾಗಿ ಓಡಿಸಿದ್ದಕ್ಕೆ ಬಂದ ಪಾಯಿಂಟುಗಳನ್ನು ಅಂದಿನ ಪತ್ನಿ ವಿಕಿ ಪ್ರೈಸ್ ತಮ್ಮ ಮೇಲೆ ಹಾಕಿಕೊಂಡರು. ಹತ್ತು ವರ್ಷಗಳ ನಂತರ, 2013ರಲ್ಲಿ, ಇಬ್ಬರಿಗೂ ಎಂಟೆಂಟು ತಿಂಗಳ ಸೆರೆವಾಸವಾಯಿತು. ಗಂಡಹೆಂಡಿರ ನಡುವಿನ ಅನುಕೂಲ ಎಂದು ಅಲ್ಲಿನ ನ್ಯಾಯಾಲಯ ಇದನ್ನು ನೋಡುವುದಿಲ್ಲ.

ಆದ್ದರಿಂದ ಆ ಕರಡನ್ನು ಅಳಿಸಿಬಿಡು. ಪೊಲೀಸರ ಪತ್ರವನ್ನು ಹರಿದು ಹಾಕದೆ ಅಳಿಯಂದಿರಿಗೂ ತೋರಿಸು, ಅದೇ ಕಾರನ್ನು ಅವರೂ ಓಡಿಸುತ್ತಾರೆ, ಮುಂದಿನ ಸಲ ನಂಬರು ಸಿಕ್ಕಿದರೆ ಯಾರ ಕಾಲು ಒತ್ತಿತ್ತೆಂದು ಆ ಸ್ವಯಂಸೇವಕರ ಪಟ್ಟಿ ಕೇಳುವುದಿಲ್ಲ. ನಿನ್ನ ಕಾರಿನಲ್ಲಿ ಸ್ಪೀಡ್ ಲಿಮಿಟರ್ ಗುಂಡಿ ಇರುವುದನ್ನು ನಾನೇ ನೋಡಿದ್ದೇನೆ. ಹಳ್ಳಿಯ ಮೊದಲ ದೀಪದ ಕಂಬ ಬರುವಾಗ ಅದನ್ನು 30ಕ್ಕೆ ಒತ್ತಿಕೊಂಡರೆ ಡೇಕೇರಿಗೆ ಎಷ್ಟೇ ತಡವಾಗಿದ್ದರೂ ಕಾಲು ಮಿತಿ ಮೀರುವುದಿಲ್ಲ. ಆ ಊರಿನ ರಸ್ತೆ ಒಂದು ಮೈಲಿ ಉದ್ದ ಇರಬಹುದು. 38ರ ಬದಲು 30ರಲ್ಲಿ ಹೋದರೆ ನೀನು ಕಳೆದುಕೊಳ್ಳುವುದು ಅರ್ಧ ನಿಮಿಷಕ್ಕಿಂತ ಕಡಿಮೆ.

ಮತ್ತೊಂದು ಕೆಲಸ ಇಂದೇ ಆಗಬೇಕು. ಈ ಪತ್ರ ನಿಮ್ಮ ಹಳೆಯ ಬಾಡಿಗೆ ಮನೆಗೆ ಹೋಗಿ, ಆ ಮನೆಯವರು ತಲುಪಿಸಿದ್ದರಿಂದ ನಿನಗೆ ಸಿಕ್ಕಿತು ಎಂದು ಹೇಳಿದೆಯಲ್ಲ, ಅಂದರೆ ಲಾಗ್ ಬುಕ್ಕಿನಲ್ಲಿ, ಕಾರಿನ ನೋಂದಣಿ ಪತ್ರದಲ್ಲಿ, ವಿಳಾಸ ಬದಲಾಗಿಲ್ಲ. ಇದರ ಬದಲು 28 ದಿನಗಳ ಗಡುವಿನ ಆ ಇನ್ನೊಂದು ಕಾಗದ ಬಂದು ಅಲ್ಲೇ ಬಿದ್ದಿದ್ದರೆ, ನಿನಗೆ ತಿಳಿಯುವ ಮೊದಲೇ ಗಡುವು ಮುಗಿದಿರುತ್ತಿತ್ತು. ವಿಳಾಸ ತಿಳಿಸದಿರುವುದಕ್ಕೇ ಸಾವಿರ ಪೌಂಡಿನವರೆಗೆ ದಂಡವಿದೆ. ಲಾಗ್ ಬುಕ್ ಬೇರೆ, ಲೈಸೆನ್ಸ್ ಬೇರೆ. ಎರಡರಲ್ಲೂ ಬದಲಾಯಿಸಬೇಕು, ಎರಡಕ್ಕೂ ಶುಲ್ಕವಿಲ್ಲ. ಇಂದು ರಾತ್ರಿ ಮಗು ಮಲಗಿದ ಮೇಲೆ ಕುಳಿತು ಮುಗಿಸಿ, ಆಯಿತೆಂದು ನನಗೊಂದು ಸಂದೇಶ ಹಾಕು.

ಅಳಿಯಂದಿರಿಗೆ ನಮ್ಮಿಬ್ಬರ ನೆನಪುಗಳನ್ನು ತಿಳಿಸು. ಮಗುವಿಗೆ ಮುತ್ತು.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ