ಒಂದರಿಂದ ನಾಲ್ಕು: ಅಂಗಡಿಯಲ್ಲಿ ನಿಂತವರ ಊಟ ಯಾವಾಗ?

ಮಾನ್ಯ ಸಂಪಾದಕರೇ,

ಪುಣೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತವೆ ಅಂತ ಹೊರಗಿನವರು ಇವತ್ತಿಗೂ ನಗುತ್ತಾರೆ. ನನಗೆ ಆ ನಗು ಹಿಡಿಸುವುದಿಲ್ಲ. ಆ ಪದ್ಧತಿ ಇದ್ದ ಕಡೆ ಶೇಠರೂ ಉಣ್ಣುತ್ತಿದ್ದರು, ಕೆಲಸದವರೂ ಉಣ್ಣುತ್ತಿದ್ದರು. ಈಗ ಒಂದೊಂದೇ ಅಂಗಡಿ ಮಧ್ಯಾಹ್ನವೂ ತೆರೆದಿರುತ್ತದೆ, ಹೆಸರಾಂತ ಮಿಠಾಯಿ ಅಂಗಡಿ ಚಿತಳೆ ಬಂಧು ಕೂಡ 2017ರಲ್ಲಿ ಶುರು ಮಾಡಿದರು. ಗಿರಾಕಿಗಳಿಗೆ ಅನುಕೂಲ, ಒಪ್ಪೋಣ. ಆದರೆ ಒಳಗೆ ನಿಂತವರ ಊಟದ ಲೆಕ್ಕ ಯಾರು ಹಾಕಿದರು?

ನಾನು ಲಕ್ಷ್ಮಿ ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ವಿಜಯಪುರ, ಕಲಬುರಗಿ ಕಡೆಯ ಹೆಣ್ಣುಮಕ್ಕಳೇ ಜಾಸ್ತಿ. ನಸುಕಿನಲ್ಲೇ ಎದ್ದು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಾರೆ, ಮದುವೆ ಸೀಸನ್‌ನಲ್ಲಿ ಆ ಡಬ್ಬಿ ಬಿಚ್ಚುವ ಹೊತ್ತಿಗೆ ನಾಲ್ಕೂವರೆ ಆಗಿರುತ್ತದೆ, ಎರಡು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಪೈಠಣಿ ತೋರಿಸು ಅಂತ ಕೂಗು ಬರುತ್ತದೆ, ಕೈ ತೊಳೆದು ಓಡಬೇಕು. ಸೀರೆಗೆ ಎಣ್ಣೆ ತಾಗಿದರೆ ಪಗಾರ ಕಟ್. ನಮ್ಮ ಜೊತೆಯ ಒಬ್ಬ ಅಕ್ಕನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಬಂದಿರುತ್ತಾರೆ, ಊಟ ತಡವಾದರೆ ಬೆವರು ಇಳಿಯುತ್ತದೆ, ಕೈ ನಡುಗುತ್ತದೆ. ಆಗಲೂ ನಗುಮುಖದಲ್ಲೇ ಸೀರೆ ಮಡಚಬೇಕು. ಇದು ತಪ್ಪಲ್ವಾ?

ನಾವು ದಾನ ಕೇಳುತ್ತಿಲ್ಲ. 2017ರಲ್ಲಿ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಬಂದಾಗಲೇ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಕಡಿಮೆ ಅಂದರೂ ಅರ್ಧ ಗಂಟೆ ಬಿಡುವು ಕೊಡಬೇಕು ಅಂತ ಬರೆದಿದ್ದರು. ಅದೂ ಆಗ 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದ ಕಡೆ ಮಾತ್ರ ಇತ್ತು. ಸಣ್ಣ ಅಂಗಡಿಯವರಿಗೆ ಆ ಆಸರೆಯೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ದಿನದ ಕೆಲಸವನ್ನು 9 ಗಂಟೆಯಿಂದ 10ಕ್ಕೆ ಏರಿಸಲು ಒಪ್ಪಿತು. ದಿನ ಉದ್ದ ಆದಷ್ಟೂ ಊಟದ ಹೊತ್ತು ಗಟ್ಟಿಯಾಗಬೇಕು.

ನಿಮ್ಮ ಪತ್ರಿಕೆ ಓದುವವರಲ್ಲಿ ಅಂಗಡಿ, ಹೋಟೆಲ್ ನಡೆಸುವ ಕನ್ನಡಿಗರು ಬಹಳ ಇದ್ದಾರೆ, ಅವರನ್ನೇ ಕೇಳುತ್ತೇನೆ. ಅಂಗಡಿ ಮುಚ್ಚಬೇಡಿ. ಹನ್ನೆರಡೂವರೆಯಿಂದ ಎರಡರ ಒಳಗೆ ಮೂರು ಪಾಳಿ ಮಾಡಿ, ಕೂತು ಉಣ್ಣಲು ಒಂದು ಮೂಲೆ ಕೊಡಿ, ಆ ಅರ್ಧ ಗಂಟೆ ಯಾರನ್ನೂ ಕರೆಯಬೇಡಿ. ಗಿರಾಕಿಗಳೂ ಹತ್ತು ನಿಮಿಷ ಕಾಯಬಹುದು, ಸೀರೆ ಎಲ್ಲಿಗೂ ಓಡಿಹೋಗುವುದಿಲ್ಲ. ಪಾಳಿಯ ಸಮಯವನ್ನು ಗೋಡೆಗೆ ಬರೆದು ಹಾಕಿ, ಆಗ ನಾವು ಪ್ರತಿ ದಿನ ಕೇಳಿ ಪಡೆಯಬೇಕಾಗುವುದಿಲ್ಲ.

ಒಬ್ಬ ಓದುಗಿ, ಪುಣೆ